ಅಳು ನಿಂತ ಮೇಲೆ

ಬಕೆಟ್ಟಿಗೆ ನೀರು ಬೀಳುವ ಸದ್ದಾದರೆ ಇವತ್ತಿಗೂ ನನ್ನ ಕಣ್ಣು ಮಂಚದ ಕೆಳಗೆ ಹೋಗುತ್ತದೆ. ವಿಜಯವಾಡದ ಗವರ್ನರ್‌ಪೇಟೆಯ ಮನೆಯಲ್ಲಿ, ಮೂರು ತುಂಬದ ನನ್ನ ಮಗಳು ಆ ಸದ್ದಿಗೆ ಓಡಿಹೋಗಿ ಅಲ್ಲಿ ಅಡಗುತ್ತಿದ್ದಳು. ಅವಳಿಗೆ ಎಕ್ಸಿಮಾ. ಮೊಣಕೈ, ಮೊಣಕಾಲಿನ ಮಡಿಕೆಗಳಲ್ಲಿ ಚರ್ಮ ಬಿರಿದು ಕೆಂಪಗಾಗಿರುತ್ತಿತ್ತು. ನೀರು ತಾಗಿದರೆ ಉರಿ.

ಅತ್ತೆ ತೆಲುಗಿನವರು. ಕಡಲೆಹಿಟ್ಟು, ಹೆಸರುಹಿಟ್ಟು ಬೆರೆಸಿದ ಸುನ್ನಿಪಿಂಡಿ ಹಚ್ಚಿ ತಿಕ್ಕದಿದ್ದರೆ ಅದು ಸ್ನಾನವೇ ಅಲ್ಲ ಅವರಿಗೆ. “ನಿನ್ನ ಗಂಡನನ್ನೂ ಹೀಗೇ ತಿಕ್ಕಿ ಬೆಳೆಸಿದ್ದು” ಎನ್ನುತ್ತಿದ್ದರು. ನಾನು ಧಾರವಾಡದವಳು, ಬಾಯಿ ಸುಮ್ಮನಿರುವುದಿಲ್ಲ. “ಅವರ ತೊಗಲು ದಪ್ಪ ಐತಿ, ಅದಕ್ಕ ಏನ್ ಹೇಳಿದ್ರೂ ತಾಗಂಗಿಲ್ಲ” ಎಂದು ಕನ್ನಡದಲ್ಲೇ ಗೊಣಗುತ್ತಿದ್ದೆ. ಗೊಣಗಿ ಏನು ಬಂತು? ಅತ್ತೆ ತಿಕ್ಕಬೇಕು, ನಾನು ಮಗಳ ಕೈ ಹಿಡಿದುಕೊಳ್ಳಬೇಕು. ಅವಳು ಕಿರುಚಿದಾಗಲೆಲ್ಲ ನಾನೂ ಅಳುತ್ತಿದ್ದೆ.

ಗಂಡನಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು, ಅತ್ತೆಯೂ ಜೊತೆಗೆ ಬಂದರು. ದ್ವಾರಕಾ ನಗರದ ಚರ್ಮದ ಡಾಕ್ಟರಮ್ಮ ಮಗುವಿನ ತೋಳು ನೋಡಿ, “ಎಲ್ಲರೂ ತುರಿಕೆ ತುರಿಕೆ ಅಂತೀರಿ. ಈ ಮಗುವಿಗೆ ನೋವಾಗ್ತಿದೆ” ಎಂದರು. ಹಿಟ್ಟು ಬಂದ್. ಉಗುರುಬೆಚ್ಚಗಿನ ನೀರಲ್ಲಿ ಬೇಗ ಸ್ನಾನ ಮುಗಿಸಿ, ಉಜ್ಜದೆ ಒತ್ತಿ ಒರೆಸಿ, ಬಿರಿದ ಕಡೆ ಮುಲಾಮು ಹಚ್ಚಿ, ಮೈಗೆಲ್ಲ ದಪ್ಪಗೆ ಕ್ರೀಮು ಬಳಿಯಬೇಕು. ಕೆರಳಿದ ದಿನ ಅದರ ಮೇಲೆ ಒದ್ದೆ ಹತ್ತಿಬಟ್ಟೆ ಸುತ್ತಬೇಕು. ಮನೆಗೆ ಬಂದದ್ದೇ ಅತ್ತೆ ತಮ್ಮ ಹಳೆಯ ಮಂಗಳಗಿರಿ ಹತ್ತಿಸೀರೆ ತೆಗೆದು ಪರಪರನೆ ಹರಿದರು. ಹಿಟ್ಟಿನ ಮಾತು ಮತ್ತೆ ಎತ್ತಲಿಲ್ಲ.

ಬರಬರುತ್ತ ಚರ್ಮದ ಕೆಂಪು ಇಳಿಯಿತು. ಮಗಳು ಅಡಗುವುದನ್ನು ಬಿಟ್ಟಳು. ಮುಲಾಮು ಹಚ್ಚುವಾಗ ಅಳುವುದನ್ನೂ ಬಿಟ್ಟಳು. ಸದ್ಯ, ನೋವು ಹೋಯಿತಲ್ಲ ಎಂದು ನಾನು ದೇವರಿಗೆ ಕೈಮುಗಿದೆ.

ಒಂದು ಮಧ್ಯಾಹ್ನ ಅವಳು ಗೊಂಬೆಗೆ ಸೀರೆಯ ಚೂರು ಸುತ್ತುತ್ತ ಕೂತಿದ್ದಳು. ಗೊಂಬೆಯ ಎರಡೂ ಕೈ ಗಟ್ಟಿಯಾಗಿ ಒತ್ತಿ ಹಿಡಿದು, ತೆಲುಗಿನಲ್ಲಿ ಮೆಲ್ಲಗೆ ಹೇಳುತ್ತಿದ್ದಳು: ಉರಿದರೂ ಅಳಬೇಡ, ನೀನು ಅತ್ತರೆ ಅಮ್ಮನೂ ಅಳುತ್ತಾಳೆ.

ಪಕ್ಕದಲ್ಲಿ ಕೂತು, “ಬಂಗಾರಾ, ನಿನಗ ಇನ್ನೂ ಉರೀತೈತೇನು?” ಎಂದು ಕೇಳಿದೆ. ಅವಳು ಮೊದಲು ನನ್ನ ಮುಖ ನೋಡಿದಳು. ಆಮೇಲೆ “ಇಲ್ಲಮ್ಮಾ” ಎಂದಳು.

ಈಗ ಶಾಲೆಗೆ ಹೋಗುತ್ತಾಳೆ. ನೋವಾಗುತ್ತಿದೆಯೇ ಎಂದು ಕೇಳಿದರೆ ಈಗಲೂ ಮೊದಲು ನನ್ನ ಮುಖವನ್ನೇ ನೋಡುತ್ತಾಳೆ.