ಗೊತ್ತಿಲ್ಲ ಅಂದ ಡಾಕ್ಟರು

ನಾನು ಹುಟ್ಟುವಾಗ ಕಾಲು ಮುಂದಾಗಿ ಬಂದೆನಂತೆ. ಸೂಲಗಿತ್ತಿ ತಾಯಿಯ ಆಸೆಯನ್ನೇ ಬಿಟ್ಟಿದ್ದಳಂತೆ. ಹೇಗೋ ಇಬ್ಬರೂ ಉಳಿದೆವು. ಹಾಗೆ ಹುಟ್ಟಿದವರ ಕಾಲಿಗೆ ಗುಣವಿದೆ, ಸೊಂಟ ಹಿಡಿದವರಿಗೆ ಅವರು ಒದ್ದರೆ ಹಿಡಿತ ಬಿಡುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ನನಗೆ ನಡೆಯಲು ಬರುವ ಮೊದಲೇ ಓಣಿಯವರು ನನ್ನನ್ನು ಎತ್ತಿಕೊಂಡು ಹೋಗಿ ತಮ್ಮ ಬೆನ್ನ ಮೇಲೆ ನಿಲ್ಲಿಸಿಕೊಳ್ಳುತ್ತಿದ್ದರಂತೆ.

ಶಾಲೆಯನ್ನು ನಾಲ್ಕನೇ ಕ್ಲಾಸಿಗೆ ಬಿಟ್ಟೆ. ಬೇರೆಯವರ ಗಿರಣಿಯಲ್ಲಿ ಕೂಲಿಗೆ ನಿಂತು, ಮಷಿನ್ನು ಬಿಚ್ಚಿ ಜೋಡಿಸುವುದನ್ನು ಕಲಿತು, ಕೊನೆಗೆ ಕೊಟ್ಟೂರಿನ ಹತ್ತಿರದ ನಮ್ಮ ಊರಲ್ಲೇ ಸ್ವಂತ ಹಿಟ್ಟಿನ ಗಿರಣಿ ಹಾಕಿದೆ. ಯಾರ ಮುಂದೆಯೂ ಕೈ ಒಡ್ಡಿದವನಲ್ಲ. ಒದೆಯುವುದಕ್ಕೂ ದುಡ್ಡು ಮುಟ್ಟಿದವನಲ್ಲ. ಮುಟ್ಟಿದರೆ ಕಾಲಿನ ಗುಣ ಹೋಗುತ್ತದೆ ಎಂದು ತಾಯಿ ಹೇಳಿದ್ದಳು.

ಅದಕ್ಕೊಂದು ಪದ್ಧತಿಯಿತ್ತು. ಬೆಳಗ್ಗೆ ಬರಿ ಹೊಟ್ಟೆಯಲ್ಲಿ ಬರಬೇಕು. ಗಿರಣಿಯ ಬಾಗಿಲ ಚೌಕಟ್ಟು ಹಿಡಿದು ನನಗೆ ಬೆನ್ನು ಕೊಟ್ಟು ನಿಲ್ಲಬೇಕು. ನಾನು ಎಡಗಾಲಿನ ಹಿಮ್ಮಡಿಯಿಂದ ಸೊಂಟಕ್ಕೆ ಮೂರು ಸಲ ಒದೆಯುತ್ತಿದ್ದೆ. ಒದೆಸಿಕೊಂಡವರು ಮಾತಾಡದೆ, ತಿರುಗಿ ನೋಡದೆ ಮನೆಗೆ ಹೋಗಬೇಕು. ಕೂಡ್ಲಿಗಿಯಿಂದ, ಹರಪನಹಳ್ಳಿಯಿಂದ ಬಸ್ಸು ಹತ್ತಿ ಬರುವವರಿದ್ದರು. ಜೋಳದ ಪುಟ್ಟಿ ಹೊತ್ತುಕೊಂಡೇ ಬರುತ್ತಿದ್ದ ನಮ್ಮೂರ ಹೆಂಗಸರು, "ಹಿಟ್ಟೂ ಆಗತೈತಿ, ಒದಿಯೂ ಬೀಳತೈತಿ. ಒಂದ ದಾರಿಗೆ ಎರಡು ಕೆಲಸ" ಎಂದು ನಗುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಹೆಂಡತಿಗೇ ಬೆನ್ನು ನೋವು ಶುರುವಾಯಿತು. ಮೊದಲು ನೀರು ಸೇದಿದ್ದಕ್ಕೆ ಎಂದಳು. ಆಮೇಲೆ ಯಾವ ಕಾರಣವನ್ನೂ ಹೇಳದಾದಳು. ಸಂಜೆಯಾದರೆ ಮೈ ಬೆಚ್ಚಗಾಗುತ್ತಿತ್ತು, ಊಟ ಸೇರುತ್ತಿರಲಿಲ್ಲ. ಎರಡು ಭುಜಗಳ ನಡುವಿನಿಂದ ಸ್ವಲ್ಪ ಕೆಳಗೆ, ಬೆನ್ನಿನಲ್ಲಿ ಒಂದು ಗಂಟು ಎದ್ದಂತೆ ಕಾಣುತ್ತಿತ್ತು. ಹಿಟ್ಟು ಜರಡಿ ಹಿಡಿಯುವಾಗ ಒಂದು ಕೈಯನ್ನು ಮೊಣಕಾಲಿನ ಮೇಲೆ ಊರಿಕೊಂಡೇ ಇರುತ್ತಿದ್ದಳು.

ಊರಿಗೆಲ್ಲ ಒದೆಯುವ ನಾನು ಅವಳಿಗೆ ಒದೆಯುವಂತಿರಲಿಲ್ಲ. ಹೆಂಡತಿಯ ಮೇಲೆ ಕಾಲೆತ್ತಿದರೆ ಮನೆಯ ಲಕ್ಷ್ಮಿ ಹೋಗುತ್ತಾಳೆ, ಮನೆಯವರಿಗೆ ಈ ಗುಣ ಹತ್ತುವುದೂ ಇಲ್ಲ ಎಂದು ತಾಯಿ ಹೇಳುತ್ತಿದ್ದಳು. ಗಿರಣಿಯಲ್ಲಿ ಕೂತ ಹೆಂಗಸರಿಗೆ ಇದೊಂದು ತಮಾಷೆಯಾಯಿತು.

"ಏನಣ್ಣಾ, ಊರ ಮಂದಿಗೆಲ್ಲ ಒದಿತಿ, ಹೆಂಡ್ತಿಗೆ ಒದಿಯಾಕ ಬರಂಗಿಲ್ಲನ?" ಎಂದಳು ಒಬ್ಬಳು.

ಪಕ್ಕದಲ್ಲಿದ್ದವಳು, "ಅದಕ್ಕೂ ಕಾಲು ಮುಂದಾಗಿ ಹುಟ್ಟಬೇಕಂತ ಯವ್ವಾ. ನನ್ನ ಗಂಡ ತಲಿ ಮುಂದಾಗೇ ಹುಟ್ಟ್ಯಾನ, ಆದ್ರೂ ಛಲೋ ಒದಿತಾನ ನೋಡು" ಎಂದಳು.

ಎಲ್ಲರೂ ನಕ್ಕರು. ನನ್ನ ಹೆಂಡತಿಯೂ ನಕ್ಕಳು, ನಗುತ್ತಲೇ ಗೋಡೆ ಹಿಡಿದುಕೊಂಡಳು. ನನಗೆ ಮಾತ್ರ ನಗು ಬರಲಿಲ್ಲ. ಗುಳಿಗೆ ಕೊಡಿಸಿದ್ದೆ, ಎಣ್ಣೆ ತಿಕ್ಕಿಸಿದ್ದೆ. ನನ್ನ ಮನೆಯಲ್ಲೇ ಒಬ್ಬಳು ಬೆನ್ನು ಹಿಡಿದುಕೊಂಡು ತಿರುಗುವುದು ನನಗೆ ಅವಮಾನವೆನಿಸುತ್ತಿತ್ತು.

ಹಗರಿಬೊಮ್ಮನಹಳ್ಳಿಯ ಆಚೆ, ತಂಬ್ರಹಳ್ಳಿಯಲ್ಲಿ ನನ್ನ ಹಾಗೆಯೇ ಹುಟ್ಟಿದ ಒಬ್ಬ ಮುದುಕಿ ಇದ್ದಾಳೆ ಎಂದು ಕೇಳಿದ್ದೆ. ಅವಳಿಂದ ಒದೆಸಿಕೊಂಡು ಬರೋಣವೆಂದು ಹೊರಟೆವು. ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದಲ್ಲಿ ಇಳಿದು ಟೆಂಪೋ ಕಡೆ ನಡೆಯುತ್ತಿದ್ದಾಗ ಹಿಂದಿನಿಂದ ಬಾಳೆಹಣ್ಣು ಮಾರುವವನು ಕೂಗಿದ.

"ಯಕ್ಕಾ, ಚಪ್ಪಲಿ ಬಿಟ್ಟು ಹೊಂಟೀ ನೋಡು!"

ಹೆಂಡತಿ ಕಾಲು ನೋಡಿಕೊಂಡಳು. ಒಂದು ಕಾಲು ಬರಿಗಾಲು. ಚಪ್ಪಲಿ ಬಹಳ ಹಿಂದೆಯೇ ಬಿದ್ದಿತ್ತು, ಅವಳು ಬಿಸಿಲಿಗೆ ಕಾದ ನೆಲದ ಮೇಲೆ ನಡೆದುಕೊಂಡೇ ಬಂದಿದ್ದಳು. "ಧ್ಯಾನ ಎಲ್ಲೈತಿ ನಿಂದು?" ಎಂದು ಬೈದು ನಾನೇ ಹೋಗಿ ತಂದುಕೊಟ್ಟೆ.

ರಾತ್ರಿ ಪರಿಚಯದವರ ಮನೆಯಲ್ಲಿದ್ದು ಬೆಳಗ್ಗೆ ಮುದುಕಿಯ ಮನೆಗೆ ಹೋದೆವು. ಅವಳು ಹೊಸ್ತಿಲಲ್ಲಿ ಕೂತು ಎಲೆ ಅಡಿಕೆ ಕುಟ್ಟುತ್ತಿದ್ದಳು. ನಾವು ಅಂಗಳ ದಾಟಿ ಬರುವುದನ್ನೇ ನೋಡಿದಳು. ಅವತ್ತೂ ಅದೇ ಕಾಲಿನ ಚಪ್ಪಲಿ ಅಂಗಳದಲ್ಲೇ ಉಳಿದಿತ್ತು.

"ನಿನಗ ಗೊತ್ತಾಗಲಿಲ್ಲೇನು ಮಗಳ?" ಎಂದಳು ಮುದುಕಿ.

"ಇಲ್ಲ ಅಮ್ಮಾ. ಕಾಲು ಅರಿವಿ ಬಟ್ಟಿ ಸುತ್ತಿದಂಗ ಆಗ್ಯಾವ."

ಮುದುಕಿ ಕುಟ್ಟುವ ಕಲ್ಲನ್ನು ಪಕ್ಕಕ್ಕಿಟ್ಟು, "ನಾ ಈಕಿಗೆ ಒದಿಯಂಗಿಲ್ಲ" ಎಂದಳು.

ನನಗೆ ರೇಗಿತು. "ಯಾಕಮ್ಮಾ, ದೂರದಿಂದ ಬಂದೀವಿ. ನಾನೂ ನಿನ್ನಂಗ ಹುಟ್ಟಿದಾವ ಅದೀನಿ."

"ಗೊತ್ತು ಬಿಡೋ. ನೀ ಕೊಟ್ಟೂರ ಕಡೆ ಗಿರಣಿಯಾವ ಅಲ್ಲೇನು? ಅದಕ್ಕ ಹೇಳತೀನಿ ಕೇಳು. ದೊಡ್ಡಾಸ್ಪತ್ರಿ ಡಾಕ್ಟರು ಬಂದಿದ್ರು. ಬೆನ್ನಿನ ಬ್ಯಾನಿ ಮಂದಿನ್ನ ಊರೂರು ಹುಡುಕಾಕತ್ಯಾರ. ಚಪ್ಪಲಿ ಜಾರಿದ್ದು ಗೊತ್ತಾಗದವರು ಬಂದ್ರ ಮುಟ್ಟಬ್ಯಾಡ ಅಜ್ಜಿ, ನಮ್ಮ ಕಡೆ ಕಳಸು, ಬೆನ್ನು ಮುರದೀತು ಅಂದ್ರು."

"ಡಾಕ್ಟರಿಗೆ ನಮ್ಮ ವಿದ್ಯೆ ಕಂಡ್ರ ಹೊಟ್ಟಿಕಿಚ್ಚು."

"ಇರಬೌದು. ಆದ್ರ ಬೆನ್ನು ಈಕಿದು, ನಂದಲ್ಲ, ನಿಂದೂ ಅಲ್ಲ. ಆಸ್ಪತ್ರಿಗೆ ಕರಕೊಂಡು ಹೋಗೋ."

ನಾನು ಚಪ್ಪಲಿ ಮೆಟ್ಟಿ ಹೊರಟುಬಿಟ್ಟೆ. ಊರಿಗೆ ಹೋಗೋಣ, ಬೇರೆ ಯಾರಾದರೂ ಸಿಗುತ್ತಾರೆ ಎಂದೆ. ಹೆಂಡತಿ ಅಂಗಳದಲ್ಲಿ ನಿಂತೇ ಇದ್ದಳು.

"ಆಸ್ಪತ್ರಿಗೆ ಹೋಗೂಣ್ರಿ," ಎಂದಳು. "ನೀವು ಬರಲಿಲ್ಲಂದ್ರ ನಾ ಒಬ್ಬಾಕೀನ ಹೋಗತೀನಿ."

ಮದುವೆಯಾದ ಮೇಲೆ ಅವಳು ಹಾಗೆ ಮಾತಾಡಿದ್ದು ಅದೇ ಮೊದಲು. ಹೋದೆವು.

ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಅವಳ ಅಂಗಾಲನ್ನು ಕೀಲಿಕೈಯಿಂದ ಗೀರಿದರು, ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ತಟ್ಟಿದ ಕಾಲು ಬೇರೆ ಯಾರದೋ ಎಂಬಂತೆ ಹಾರಿತು. ಎಕ್ಸರೇ ತೆಗೆಸಿದರು, ಬೆನ್ನಿಗೆ ಸೂಜಿ ಹಾಕಿ ಪರೀಕ್ಷೆಗೆ ಕಳಿಸಿದರು. ಎಲ್ಲ ಬಂದ ಮೇಲೆ ನಮ್ಮಿಬ್ಬರನ್ನೂ ಕೂರಿಸಿ ಎಕ್ಸರೇಯನ್ನು ಬೆಳಕಿಗೆ ಹಿಡಿದರು. ಬೆನ್ನುಮೂಳೆಯ ಮಣಿಗಳು ಒಂದರ ಮೇಲೊಂದು ನೆಟ್ಟಗೆ ಕೂತಿದ್ದವು. ನಡುವೆ ಒಂದು ಕಡೆ ಎರಡು ಮಣಿಗಳು ಇಲಿ ತಿಂದ ರೊಟ್ಟಿಯ ಹಾಗೆ ಕಾಣುತ್ತಿದ್ದವು. ಮೇಲಿನ ಬೆನ್ನು ಅಲ್ಲಿ ಮುಂದಕ್ಕೆ ಬಾಗಿತ್ತು.

"ಇದು ಟೀಬಿ," ಎಂದರು ಡಾಕ್ಟರು.

"ಟೀಬಿನಾ? ಈಕಿಗೆ ಕೆಮ್ಮೇ ಇಲ್ಲಲ್ರಿ!"

"ಟೀಬಿ ಎದೆಗೇ ಬರಬೇಕಂತ ಇಲ್ಲಪ್ಪ. ಮೂಳೆಗೂ ಬರುತ್ತೆ. ಮೂಳೆ ಕೊಳೆತು ಕೀವಾಗಿದೆ. ಆ ಕೀವು ಕಾಲಿಗೆ ಹೋಗೋ ನರವನ್ನು ಒತ್ತುತ್ತಾ ಇದೆ."

ನಾನು ಏನು ಮಾಡುವವನು, ಎಲ್ಲಿಗೆ ಕರೆದುಕೊಂಡು ಹೋಗಿದ್ದೆ ಎಂದು ತೊದಲುತ್ತ ಹೇಳಿ, "ಅಲ್ಲಿ ಒದ್ದಿದ್ರ ಏನಾಗತಿತ್ರಿ?" ಎಂದು ಕೇಳಿದೆ.

ಅವರು ಎಕ್ಸರೇಯ ಆ ಜಾಗದ ಮೇಲೆ ಬೆರಳಿಟ್ಟರು. "ಇದು ಕುಸಿದಿದ್ದರೆ ಎರಡು ಕಾಲೂ ಪೂರ್ತಿ ಹೋಗಬಹುದಿತ್ತು."

ನನ್ನ ಎಡಗಾಲು ಬೆಂಚಿನ ಕೆಳಗೆ ತಾನಾಗಿಯೇ ಹಿಂದೆ ಸರಿಯಿತು. ಆ ಚಿತ್ರದಲ್ಲಿ ಮಾಂಸ ಇರಲಿಲ್ಲ, ಸೀರೆ ಇರಲಿಲ್ಲ, ಬರೀ ಮೂಳೆ. ಬಾಗಿಲ ಚೌಕಟ್ಟು ಹಿಡಿದು ನಿಂತವರೆಲ್ಲರ ಒಳಗೂ ಇಂಥದ್ದೊಂದು ಇತ್ತು ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ.

ಆದರೆ ನಿಜವಾದ ಪೆಟ್ಟು ಬಿದ್ದದ್ದು ಆಮೇಲೆ. "ಗುಣ ಆಗತೈತೇನ್ರಿ? ಏನು ಮಾಡಬೇಕ್ರಿ ಈಗ?" ಎಂದು ಕೇಳಿದೆ. ಡಾಕ್ಟರು ಕುರ್ಚಿಯನ್ನು ನನ್ನ ಹೆಂಡತಿಯ ಕಡೆ ತಿರುಗಿಸಿಕೊಂಡು ಹೇಳಿದರು.

"ನೋಡಮ್ಮಾ, ಟೀಬಿ ಗುಳಿಗೆ ಎಲ್ಲರಿಗೂ ಕೊಟ್ಟೇ ಕೊಡ್ತೀವಿ. ಪ್ರಶ್ನೆ ಇರೋದು ಆಪರೇಷನ್ನಿಂದು. ನಿನ್ನ ಹಾಗೆ ಕಾಲಿನ ಶಕ್ತಿ ಕಮ್ಮಿಯಾಗಿ ಇನ್ನೂ ನಡೆಯೋರಿಗೆ ಗುಳಿಗೆ ಒಂದೇ ಸಾಕು ಅನ್ನೋ ಡಾಕ್ಟರೂ ಇದ್ದಾರೆ, ಕೊಯ್ದು ಕೀವು ತೆಗೆದರೇನೇ ಒಳ್ಳೇದು ಅನ್ನೋರೂ ಇದ್ದಾರೆ. ಅದನ್ನು ಕಂಡುಹಿಡಿಯೋದಕ್ಕೇ ನಾವು ಒಂದು ಸಂಶೋಧನೆ ಮಾಡ್ತಾ ಇದ್ದೀವಿ. ಒಪ್ಪಿದವರಲ್ಲಿ ಕೆಲವರಿಗೆ ಗುಳಿಗೆ ಮಾತ್ರ, ಕೆಲವರಿಗೆ ಗುಳಿಗೆ ಜೊತೆ ಆಪರೇಷನ್. ಯಾರಿಗೆ ಯಾವುದು ಅಂತ ನಾನು ಆರಿಸೋ ಹಾಗಿಲ್ಲ, ನೀವೂ ಆರಿಸೋ ಹಾಗಿಲ್ಲ. ಮುಚ್ಚಿದ ಲಕೋಟೆ ಒಡೆದು ನೋಡ್ತೀವಿ. ಗುಳಿಗೆ ಮಾತ್ರ ಬಂದು ಕಾಲು ಇನ್ನೂ ಸೋತರೆ ಕೂಡಲೇ ಆಪರೇಷನ್ ಮಾಡ್ತೀವಿ. ಇಷ್ಟ ಇಲ್ಲದಿದ್ದರೆ ಬೇಡ ಅನ್ನು, ಆಗಲೂ ಚಿಕಿತ್ಸೆ ತಪ್ಪೋದಿಲ್ಲ."

"ಅದಿರಲ್ರಿ," ಎಂದೆ. "ನಿಮಗ ಯಾವುದು ಛಲೋ ಅನಸತೈತಿ, ಅದನ್ನ ಹೇಳ್ರಿ."

"ನನಗೆ ಗೊತ್ತಿಲ್ಲಪ್ಪ."

ಗೊತ್ತಿಲ್ಲ! ನಾನು ಎದ್ದು ನಿಂತುಬಿಟ್ಟೆ. ಅಷ್ಟು ದೊಡ್ಡ ಕಟ್ಟಡ, ಗೋಡೆಗೆಲ್ಲ ದೀಪ ಹಚ್ಚಿದ ಎಕ್ಸರೇ, ಕೈಕೆಳಗೆ ಅಷ್ಟು ಮಂದಿ ಹುಡುಗ ಡಾಕ್ಟರುಗಳು. ಆ ಮನುಷ್ಯ ನನ್ನ ಮುಖ ನೋಡಿಕೊಂಡು, ಸ್ವಲ್ಪವೂ ನಾಚದೆ, ಗೊತ್ತಿಲ್ಲ ಎಂದಿದ್ದರು. ನಮ್ಮೂರಲ್ಲಿ ಅಣ್ಣತಮ್ಮಂದಿರು ಪಾಲಾಗುವಾಗ ಹೊಲಕ್ಕೆ ಚೀಟಿ ಎತ್ತುತ್ತಾರೆ. ಹೆಂಡತಿಯ ಬೆನ್ನಿಗೆ ಚೀಟಿ ಎತ್ತುವುದನ್ನು ನಾನು ಕೇಳಿರಲೇ ಇಲ್ಲ.

"ಏಳು, ಹೋಗೂಣ," ಎಂದೆ ಹೆಂಡತಿಗೆ. "ಗೊತ್ತಿದ್ದವರ ಹತ್ರ ಹೋಗೂಣ."

ಅವಳು ಏಳಲಿಲ್ಲ. ಡಾಕ್ಟರು ಕೊಟ್ಟ ಕಾಗದವನ್ನು ಓದುತ್ತಿದ್ದಳು. ಅವಳು ಏಳನೇ ಕ್ಲಾಸಿನವರೆಗೆ ಓದಿದವಳು. ನನಗಿಂತ ಹೆಚ್ಚು ಕಲಿತವಳೆಂದು ನಮ್ಮ ಮನೆಯಲ್ಲಿ ಯಾರೂ ಎತ್ತಿ ಆಡುತ್ತಿರಲಿಲ್ಲ, ನಾನಂತೂ ಆಡುತ್ತಿರಲಿಲ್ಲ. ಕೊನೆಯ ಸಾಲಿನವರೆಗೆ ಬೆರಳಿಟ್ಟು ಓದಿ ತಲೆ ಎತ್ತಿದಳು.

"ಕುಂದರ್ರಿ," ಎಂದಳು. "ನಿಮ್ಮ ಕಡೆ ಅಷ್ಟು ಮಂದಿ ಒದಿಸಿಕೊಂಡು ಹೋದ್ರಲ್ಲ, ಆಮ್ಯಾಲ ಅವರ ಸೊಂಟ ಏನಾತು? ಒಬ್ಬರನ್ನರ ಕೇಳೀರೇನು?"

"ತಿರುಗಿ ನೋಡಬಾರದು ಅಂತ ಪದ್ಧತಿ ಐತಿ."

"ಅದ ಮತ್ತ. ಇವರು ನೋಡ್ರಿ, ಗೊತ್ತಿಲ್ಲ ಅಂತ ಬಾಯಿ ಬಿಟ್ಟು ಹೇಳತಾರ. ಆಮ್ಯಾಲೂ ವರ್ಷಾ ವರ್ಷಾ ಬಂದು ತೋರಿಸಿಕೊಂಡು ಹೋಗು ಅಂತ ಇದರಾಗ ಬರದಾರ. ನಾ ಇವರ ಕೈಯಾಗ ಇರತೀನಿ."

ಹುಡುಗ ಡಾಕ್ಟರೊಬ್ಬ ಮುಖ ತಿರುಗಿಸಿ ನಕ್ಕದ್ದು ನನಗೆ ಕಂಡಿತು. ನಾನು ಕೂತೆ. ಕೋಪ ಬರಬೇಕಿತ್ತು, ಬರಲಿಲ್ಲ. ಇಷ್ಟು ವರ್ಷ ನನ್ನ ಜೊತೆ ಹಿಟ್ಟು ಜರಡಿ ಹಿಡಿದವಳು ಇದನ್ನೆಲ್ಲ ಯಾವಾಗ ಯೋಚಿಸಿಟ್ಟಿದ್ದಳು ಎಂದು ಅವಳನ್ನೇ ನೋಡುತ್ತ ಕೂತೆ.

ಲಕೋಟೆ ಒಡೆದರು. ಆಪರೇಷನ್ ಬಂದಿತು.

ಆಪರೇಷನ್ನಿನ ದಿನ ನಾನು ವರಾಂಡದಲ್ಲಿ ಕೂತದ್ದು, ನಿಂತದ್ದು, ಮತ್ತೆ ಕೂತದ್ದು ಬಿಟ್ಟರೆ ಬೇರೇನೂ ನೆನಪಿಲ್ಲ. ಮಧ್ಯಾಹ್ನ ಡಾಕ್ಟರು ಹೊರಗೆ ಬಂದು, ಕೀವು ತೆಗೆದಿದ್ದೇವೆ, ಅವಳದೇ ಪಕ್ಕೆಲುಬಿನ ಒಂದು ತುಂಡನ್ನು ಕತ್ತರಿಸಿ ಮೂಳೆ ಹೋದ ಜಾಗದಲ್ಲಿ ಕೂರಿಸಿದ್ದೇವೆ ಎಂದರು. "ಅವಳದ ಎಲುಬಾ?" ಎಂದೆ. "ಹೌದಪ್ಪ, ಅವಳದೇ. ಅಲ್ಲೇ ಬೆಸೆದುಕೊಳ್ಳುತ್ತೆ." ನನಗೆ ಕಣ್ಣು ಕತ್ತಲೆ ಬಂದು ಗೋಡೆಗೆ ಒರಗಿದೆ. ಆಯಾ ಒಬ್ಬಳು ನೀರು ಕೊಟ್ಟು, "ಕೊಯಿಸ್ಕೊಂಡಾಕಿ ಆರಾಮ ಅದಾಳ, ನೀವ್ಯಾಕ್ರಿ ಬೀಳಾಕತ್ತೀರಿ?" ಎಂದು ಗದರಿದಳು.

ಪಕ್ಕದ ಹಾಸಿಗೆಯಲ್ಲಿ ಹಿರೇಹಡಗಲಿಯ ಒಬ್ಬ ಹೆಂಗಸಿದ್ದಳು. ಅವಳಿಗೂ ಅದೇ ರೋಗ, ಅವಳೂ ಲಕೋಟೆಗೆ ಒಪ್ಪಿದವಳು. ಅವಳಿಗೆ ಬಂದದ್ದು ಗುಳಿಗೆ ಮಾತ್ರ. ಪಾಪ, ಇವಳಿಗೆ ಸರಿಯಾದ್ದು ಸಿಗಲಿಲ್ಲವಲ್ಲ ಎಂದು ನಾನು ಒಳಗೊಳಗೇ ಮರುಗುತ್ತಿದ್ದೆ. ನನ್ನ ಹೆಂಡತಿ ಇನ್ನೂ ಮಲಗಿದಲ್ಲೇ ಮಗ್ಗುಲು ಬದಲಿಸಲು ಒದ್ದಾಡುತ್ತಿದ್ದಾಗ ಆ ಹೆಂಗಸು ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ನೆಟ್ಟಗೆ ನಡೆದು ಮನೆಗೆ ಹೋದಳು. ನಾನು ಬಾಯಿ ತೆರೆದುಕೊಂಡು ನೋಡಿದೆ. ಹಾಗಾದರೆ ನನ್ನ ಹೆಂಡತಿಯ ಪಕ್ಕೆಲುಬು ಯಾತಕ್ಕೆ ತೆಗೆದರು?

ಆಮೇಲೆ ಹೆಂಡತಿಯೂ ಎದ್ದಳು. ಮೊದಲು ಮಂಚ ಹಿಡಿದು, ಆಮೇಲೆ ನನ್ನ ಭುಜ ಹಿಡಿದು. ಊರಿಗೆ ಬಂದ ಮೇಲೂ ಬಹಳ ಕಾಲ ಗುಳಿಗೆ ನುಂಗಿದಳು. ಗಿರಣಿಗೆ ಒದೆಸಿಕೊಳ್ಳಲು ಬಂದವರಿಗೆ ನಾನು, ಮೊದಲು ಆಸ್ಪತ್ರೆಗೆ ತೋರಿಸು, ಒದ್ದರೆ ಏನಾಗುತ್ತದೋ ನನಗೆ ಗೊತ್ತಿಲ್ಲ ಎನ್ನತೊಡಗಿದೆ. "ಗಿರಣಿಯಾವ ಡಾಕ್ಟರ್ ಆಗ್ಯಾನ ನೋಡ್ರಪ್ಪೋ" ಎಂದು ಸಿಟ್ಟಾಗಿ ಹೋದವರೇ ಹೆಚ್ಚು.

ಮುಂದಿನ ವರ್ಷ ತೋರಿಸಲು ಹೋದಾಗ ಡಾಕ್ಟರು ಅವಳನ್ನು ತುದಿಗಾಲಲ್ಲಿ ನಡೆಸಿದರು, ಹಿಮ್ಮಡಿಯ ಮೇಲೆ ನಡೆಸಿದರು, ಹೊಸ ಎಕ್ಸರೇ ನೋಡಿ ತಲೆಯಾಡಿಸಿದರು. ನಾನು ವರ್ಷವಿಡೀ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದೆ.

"ಈಗರ ಹೇಳ್ರಿ. ಕೊಯ್ಯೋದು ಮೇಲೋ, ಗುಳಿಗಿ ಮೇಲೋ?"

"ಇನ್ನೂ ಗೊತ್ತಿಲ್ಲಪ್ಪ."

"ಆ ಹಿರೇಹಡಗಲಿಯಾಕಿ ಮೊದಲ ಎದ್ದು ಹೋದ್ಲಲ್ರಿ!"

"ಇಬ್ಬರನ್ನು ನೋಡಿ ಹೇಳೋಕಾಗಲ್ಲ. ಇನ್ನೂ ಬಹಳ ಜನರನ್ನು ನೋಡಬೇಕು, ವರ್ಷಗಟ್ಟಲೆ ನೋಡಬೇಕು. ಯಾರ ಬೆನ್ನು ನೆಟ್ಟಗೆ ಉಳಿಯುತ್ತೆ, ಯಾರದು ಮತ್ತೆ ಬಾಗುತ್ತೆ ಅಂತ."

ಹೊರಗೆ ಬಂದರೆ ಹಿರೇಹಡಗಲಿಯವಳೂ ಆಗಲೇ ತೋರಿಸಿಕೊಂಡು ಗೇಟಿನ ಬಳಿ ಬಸ್ಸಿಗೆ ಕಾಯುತ್ತಿದ್ದಳು. ಅವಳೂ ನನ್ನ ಹೆಂಡತಿಯೂ ಬೆಂಚಿನ ಮೇಲೆ ಮೊಣಕೈಗೆ ಮೊಣಕೈ ತಾಗಿಸಿ ಕೂತರು. ಹೆಂಡತಿ ಸೆರಗು ಸರಿಸಿ ಪಕ್ಕೆಯ ಗಾಯದ ಗುರುತು ತೋರಿಸಿದಳು.

"ಯವ್ವಾ, ಎಷ್ಟುದ್ದ ಕೊಯ್ದಾರ ನಿನ್ನ! ನನಗೇನೂ ಇಲ್ಲ ನೋಡು," ಎಂದಳು ಅವಳು.

"ನಿನಗೂ ಬೇಕೇನು? ಒಳಗ ಅದಾರ ಡಾಕ್ಟರು, ಹೇಳಿ ಬರ್ಲಾ?"

"ಥೂ, ಬಾಯಿ ಮುಚ್ಚು."

ಇಬ್ಬರೂ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಅವಳ ಗಂಡ ನನ್ನ ಕಡೆ ನೋಡಿ, "ನಿಮಗೇನರ ತಿಳೀತೇನ್ರಿ ಇದು?" ಎಂದ. ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

ನಮ್ಮನ್ನೂ ಹಗರಿಬೊಮ್ಮನಹಳ್ಳಿಯವರೆಗೆ ಮುಟ್ಟಿಸುವ ಹಡಗಲಿಯ ಬಸ್ಸು ಬಂದು ನಿಂತಿತು. ಜನ ಒಮ್ಮೆಲೇ ನುಗ್ಗಿದರು. ನಾವು ಗಂಡಸರಿಬ್ಬರು ಚೀಲ ಎತ್ತಿಕೊಳ್ಳುವಷ್ಟರಲ್ಲಿ ಅವರಿಬ್ಬರೂ ಸೀರೆಯ ನೆರಿಗೆ ಎತ್ತಿ ಹಿಡಿದು, ಸೀಟು ಹಿಡಿಯಲು, ಆ ಗದ್ದಲದಲ್ಲಿ ಓಡಿಯೇಬಿಟ್ಟರು.