ಕರಗಿದ ನಗು

ಬುದ್ಧ ಪೂರ್ಣಿಮೆಯ ಬೆಳಗ್ಗೆ ಒದ್ದೆ ಬಟ್ಟೆಯಿಂದ ಮೂರ್ತಿಯನ್ನು ಒರೆಸುತ್ತಿದ್ದಂತೆ, ಕನಸಿನ ಮುಖವೊಂದು ಮಸುಕಾಗುವ ಹಾಗೆ, ಬುದ್ಧನ ಮುಖ ನನ್ನ ಅಂಗೈಯಲ್ಲೇ ಕರಗತೊಡಗಿತು. ಅಪ್ಪ ತೀರಿಕೊಂಡ ಮೇಲೆ ಅವ್ವ ಖಾನಾಪುರದಲ್ಲಿ ಮಾಡಿಸಿದ ಮಣ್ಣಿನ ಮೂರ್ತಿ ಅದು. ಆ ನಗುವಿನಲ್ಲಿ ಅವಳಿಗೆ ಅಪ್ಪನೇ ಕಾಣುತ್ತಿದ್ದ. ಗಾಬರಿಯಿಂದ, ಅದನ್ನು ಮಾಡಿಕೊಟ್ಟ ಕುಂಬಾರ ಅಕ್ಕನಿಗೆ ಫೋನ್ ಮಾಡಿದೆ.

“ಗಣಪ್ಪನ ಹಂಗ ಇದನ್ನೂ ಹೊಳಿಗೆ ಬಿಡ್ತೀರಂತ ತಿಳ್ಕೊಂಡು ಹಸೀದ ಕೊಟ್ಟೇನ್ರಿ, ಸುಟ್ಟಿಲ್ಲ,” ಎಂದಳು.

ಅವ್ವ ಉಳಿದ ಮೂರ್ತಿಯನ್ನೂ ಬೋಗುಣಿಯ ನೀರಿನಲ್ಲಿಟ್ಟು ಪೂರ್ತಿ ಕರಗಿಸಿದಳು. ಆಮೇಲೆ, “ಎಲ್ಲಾ ಅನಿತ್ಯ ಅಂತ ದಿನಾ ನಾವ ಹೇಳ್ತಿದ್ವಿ. ಇವತ್ತ ಅವಾ ಹೇಳ್ಯಾನ, ಕೇಳೂಣು,” ಎಂದು ಮಣ್ಣನ್ನು ಮಲ್ಲಿಗೆ ಬಳ್ಳಿಯ ಬುಡಕ್ಕೆ ಸುರಿದಳು.

ಈಗ ನಮ್ಮ ಶಹಾಪುರದ ಮಗ್ಗಗಳು ಸದ್ದು ಮಾಡುವ ಮೊದಲೇ ಅವ್ವ ಆ ಬಳ್ಳಿಗೆ ನೀರು ಹಾಕುತ್ತಾಳೆ. ಹೂ ಮಾತ್ರ ಕೀಳುವುದಿಲ್ಲ. ತಾನಾಗಿ ಉದುರಲಿ ಎಂದು ಬಿಡುತ್ತಾಳೆ.