ಗುಟ್ಟಾಗಿ ಇಡಬೇಕಾಗಿದ್ದ ಹೆಸರು

ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೋಗುವ ರಸ್ತೆಯ ಮಗ್ಗುಲಿಗೇ ಇರುವ ಒಂದು ಟವೆಲ್ ಕಾರ್ಖಾನೆಯಲ್ಲಿ ಕಲ್ಯಾಣಪ್ಪ ಇಪ್ಪತ್ಮೂರು ವರ್ಷಗಳಿಂದ ಹೊಲಿಗೆ ಯಂತ್ರಗಳ ಮೆಕ್ಯಾನಿಕ್. ಹುಟ್ಟಿದ್ದು ತಡವಳದ ಒಕ್ಕಲುತನದ ಮನೆಯಲ್ಲಿ. ಹೊಲ ಅಣ್ಣನ ಪಾಲಿಗೆ ಬಿಟ್ಟು, ಐಟಿಐ ಮುಗಿಸಿ, ಹೆಂಡತಿ ಸೋನಾಬಾಯಿಯ ಜೊತೆ ಅಕ್ಕಲಕೋಟೆಯಲ್ಲಿ ಸಂಸಾರ ಹೂಡಿದವನು.

ಆ ಕಾರ್ಖಾನೆಯಲ್ಲಿ ಹಸುಗೂಸುಗಳ ಮೈ ಒರೆಸುವ ಕುಲಾವಿ ಹೊಲಿದ ಟವೆಲ್ಲುಗಳು ತಯಾರಾಗಿ ಪರದೇಶಕ್ಕೆ ಹೋಗುತ್ತವೆ. ಅಲ್ಲಿ ಒಂದು ಕಟ್ಟುನಿಟ್ಟು: ಹೊಲಿಯುವಾಗ ಸೂಜಿ ಮುರಿದರೆ ಅದರ ಎಲ್ಲ ತುಂಡುಗಳನ್ನೂ ಹುಡುಕಿ, ಜೋಡಿಸಿ, ಒಂದು ದಪ್ಪ ರಿಜಿಸ್ಟರಿನಲ್ಲಿ ಟೇಪು ಹಚ್ಚಿ ಅಂಟಿಸಬೇಕು. ಅಲ್ಲಿಯವರೆಗೆ ಆ ಯಂತ್ರಕ್ಕೆ ಹೊಸ ಸೂಜಿ ಇಲ್ಲ. ಒಮ್ಮೆ ಅಕ್ಕಿಕಾಳಿನಷ್ಟು ತುದಿ ಸಿಗಲಿಲ್ಲವೆಂದು ಕಲ್ಯಾಣಪ್ಪ ಕಟ್ಟಿಟ್ಟಿದ್ದ ಗಂಟುಗಳನ್ನೆಲ್ಲ ಬಿಚ್ಚಿಸಿ, ಇಡೀ ಸಾಲಿನ ಹೆಣ್ಣುಮಕ್ಕಳನ್ನು ಊಟಕ್ಕೂ ಬಿಡದೆ ಕೂರಿಸಿದ್ದ. ಅವರು ಗೊಣಗಿದಾಗ, “ಕೂಸಿನ ಮೈಗೆ ತಾಗೂ ಅರಬಿ ಐತ್ರೆವ್ವಾ ಇದು,” ಎಂದಷ್ಟೇ ಹೇಳಿದ್ದ. ತುದಿ ಸಿಕ್ಕ ಮೇಲೆ ಅವನೂ ಅವರ ಜೊತೆಗೇ ಉಂಡ.

ಕಾರ್ಖಾನೆಯ ಸಿಬ್ಬಂದಿ ವಿಭಾಗದ ಅಧಿಕಾರಿ ಶಿವಾನಂದ ಅವನ ಬಾಲ್ಯದ ಗೆಳೆಯ. ಶಿವಾನಂದನ ಅಪ್ಪ ತಡವಳದ ಕನ್ನಡ ಶಾಲೆಯಲ್ಲಿ ಮಾಸ್ತರರು. ಇಬ್ಬರೂ ಏಳು ವರ್ಷ ಒಂದೇ ಬೆಂಚಿನಲ್ಲಿ ಕೂತವರು. ಬಿಎ ಮುಗಿಸಿ ಕೆಲಸವಿಲ್ಲದೆ ಓಡಾಡುತ್ತಿದ್ದ ಶಿವಾನಂದನನ್ನು ಕಾರ್ಖಾನೆಯ ಮಾಲೀಕರ ಮುಂದೆ ನಿಲ್ಲಿಸಿ, “ನಮ್ಮ ಮಾಸ್ತರ ಮಗ, ಪ್ರಾಮಾಣಿಕ ಇದ್ದಾನ್ರಿ,” ಎಂದು ಹೇಳಿದವನು ಕಲ್ಯಾಣಪ್ಪನೇ. ಆಮೇಲೆ ಶಿವಾನಂದ ಮೇಲೇರಿದ, ಮೋಟರ್‌ಸೈಕಲ್ ತಗೊಂಡ. ಆದರೂ ಹದಿನಾಲ್ಕು ವರ್ಷ ದಿನಾಲು ಬೆಳಿಗ್ಗೆ ಕಲ್ಯಾಣಪ್ಪನ ಮನೆ ಮುಂದೆ ಹಾರ್ನ್ ಹೊಡೆದು ಅವನನ್ನು ಹಿಂದೆ ಕೂರಿಸಿಕೊಂಡೇ ಹೋದ. ಸೋನಾಬಾಯಿ ಶೇಂಗಾ ಚಟ್ನಿ ಕುಟ್ಟಿದರೆ ಒಂದು ಡಬ್ಬಿ ಶಿವಾನಂದನಿಗೆ ಎಂದೇ ತೆಗೆದಿಡುತ್ತಿದ್ದಳು.

ಹೋದ ವರ್ಷ ಪರದೇಶದ ಗಿರಾಕಿ ಕಂಪನಿಯೊಂದು ಹೊಸ ಶರ್ತು ಹಾಕಿತು. ಕಾರ್ಖಾನೆಯ ಪ್ರತಿಯೊಬ್ಬ ನೌಕರನಿಗೂ ಪ್ರಾಮಾಣಿಕ ನಡವಳಿಕೆಯ ನಿಯಮಗಳು ಗೊತ್ತಿರಬೇಕು ಎಂದು. ಇಂಗ್ಲಿಷ್ ಮತ್ತು ಮರಾಠಿಯಲ್ಲಿ ಒಂದು ಸಣ್ಣ ಪುಸ್ತಿಕೆ ಅಚ್ಚಾಗಿ ಬಂತು. ಆದರೆ ಹೊಲಿಗೆ ವಿಭಾಗದ ಅರ್ಧಕ್ಕರ್ಧ ಹೆಣ್ಣುಮಕ್ಕಳು ಸುತ್ತಲಿನ ಹಳ್ಳಿಯವರು. ಮನೆಯಲ್ಲಿ ಕನ್ನಡ ಆಡುವವರು, ಕನ್ನಡ ಓದಲು ಬಾರದವರು. ಕಚೇರಿಯ ಮರಾಠಿ ಅವರಿಗೆ ತಲೆಗೆ ಹತ್ತುತ್ತಿರಲಿಲ್ಲ. ಅವರಿಗೆ ಕನ್ನಡದಲ್ಲಿ ಓದಿ ತಿಳಿಸುವ ಕೆಲಸವನ್ನು ಶಿವಾನಂದ ಕಲ್ಯಾಣಪ್ಪನಿಗೆ ವಹಿಸಿದ. ಎರಡು ಭಾನುವಾರ ಅಂಗಳದಲ್ಲಿ ಚಾಪೆ ಹಾಸಿಕೊಂಡು ಕೂತು, ಅವನು ಇಡೀ ಪುಸ್ತಿಕೆಯನ್ನು ಕನ್ನಡಕ್ಕೆ ತಂದ. ಶಾಲೆ ಬಿಟ್ಟ ಮೇಲೆ ಅಷ್ಟು ಕನ್ನಡ ಬರೆದದ್ದು ಅದೇ ಮೊದಲು. ತಪ್ಪು ಕಂಡರೆ ದೂರು ಪೆಟ್ಟಿಗೆಯಲ್ಲಿ ಕಾಗದ ಹಾಕಬಹುದು, ಹೇಳಿದವರ ಹೆಸರು ಗುಟ್ಟಾಗಿ ಇರುತ್ತದೆ, ಅವರ ಮೇಲೆ ಯಾರೂ ಹಗೆ ಸಾಧಿಸುವಂತಿಲ್ಲ ಎಂಬ ಭಾಗ ಬಂದಾಗ ಅವನಿಗೆ ನಂಬಿಕೆ ಬರಲಿಲ್ಲ. ಮರುದಿನ ದಾರಿಯಲ್ಲಿ ಶಿವಾನಂದನನ್ನು ಕೇಳಿದ. ಪೆಟ್ಟಿಗೆಯ ಕೀಲಿ ತನ್ನ ಹತ್ತಿರ ಮಾತ್ರ ಇರುತ್ತದೆ, ಚಿಂತೆ ಬೇಡ ಎಂದ ಶಿವಾನಂದ.

ಅಷ್ಟು ಸಾಕಾಯಿತು. ಕಲ್ಯಾಣಪ್ಪ ಹೆಣ್ಣುಮಕ್ಕಳನ್ನು ನಾಲ್ಕು ಗುಂಪು ಮಾಡಿ ಕೂರಿಸಿ, ಓದಿ, ತಿಳಿಸಿ ಹೇಳಿದ. ಕೇಳಿದವರೆಲ್ಲ ಒಂದು ಹಾಳೆಯ ಮೇಲೆ ಸಹಿ ಮಾಡಿದರು.

ಅವರಲ್ಲಿ ಕಂದಲಗಾಂವದ ಶೀತಲಳೂ ಒಬ್ಬಳು. ಮಾತು ಕಡಿಮೆಯ ಹೆಣ್ಣು. ನಾಲ್ಕು ವರ್ಷದ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಕೆಲಸಕ್ಕೆ ಬರುತ್ತಿದ್ದಳು. ಹೊಲಿಗೆ ಮುಗಿದ ಟವೆಲ್ಲುಗಳಲ್ಲಿ ಲೋಹದ ಚೂರು ಉಳಿದಿದೆಯೇ ಎಂದು ಪತ್ತೆ ಹಚ್ಚುವ ಯಂತ್ರದ ಮುಂದೆ ಅವಳ ಕೆಲಸ. ಚಲಿಸುವ ಪಟ್ಟಿಯ ಮೇಲೆ ಟವೆಲ್ ಸಾಗುತ್ತದೆ. ಚೂರು ಇದ್ದರೆ ಯಂತ್ರ ಕೂಗುತ್ತದೆ. ಇಲ್ಲದಿದ್ದರೆ ಅವಳು ಪೆಟ್ಟಿಗೆಯ ಮೇಲೆ ‘ತಪಾಸಣೆ ಆಗಿದೆ’ ಎಂಬ ಶಿಕ್ಕಾ ಒತ್ತಿ ರಿಜಿಸ್ಟರಿನಲ್ಲಿ ಸಹಿ ಮಾಡಬೇಕು.

ಶ್ರಾವಣದಲ್ಲಿ ಆ ಯಂತ್ರ ಕೆಟ್ಟಿತು. ಕಬ್ಬಿಣದ ಮೊಳೆ ಇಟ್ಟರೂ ಕೂಗಲಿಲ್ಲ. ಕಲ್ಯಾಣಪ್ಪ ಹೋಗಿ ಉತ್ಪಾದನೆಯ ಮ್ಯಾನೇಜರ್ ಪರಾಗನಿಗೆ ತಿಳಿಸಿದ. ಪುಣೆಯಿಂದ ರಿಪೇರಿಯವನು ಬರುತ್ತಾನೆ, ಅಲ್ಲಿಯವರೆಗೆ ಮಾಲು ತಡೆದಿಡುತ್ತೇವೆ ಎಂದು ಪರಾಗ ಹೇಳಿದ. ಕಲ್ಯಾಣಪ್ಪ ನಂಬಿದ. ಹೋಗಿ ನೋಡಲಿಲ್ಲ. ಆ ನೋಡದೆ ಇದ್ದದ್ದು ಈಗಲೂ ಅವನನ್ನು ಚುಚ್ಚುತ್ತದೆ.

ಒಂಬತ್ತು ದಿನ ಕಳೆದ ಮೇಲೆ ನೀರಿನ ನಳದ ಹತ್ತಿರ ಶೀತಲ ಬಂದು ನಿಂತಳು.

“ಕಾಕಾ, ಹೆಸರು ಯಾರಿಗೂ ಗೊತ್ತಾಗಂಗಿಲ್ಲಂತ ನೀವು ಓದಿ ಹೇಳಿದ್ರಲ್ಲ, ಅದು ಖರೇ ಏನ್ರಿ?”

“ಖರೇನ ಐತವ್ವ. ಯಾಕ?”

ಅವಳು ಸುತ್ತ ನೋಡಿ, ತಗ್ಗಿದ ದನಿಯಲ್ಲಿ ಎಲ್ಲ ಹೇಳಿದಳು. ಯಂತ್ರ ರಿಪೇರಿ ಆಗಿಯೇ ಇಲ್ಲ. ಸತ್ತ ಯಂತ್ರದ ಮೇಲೆ ಟವೆಲ್ಲುಗಳು ಸಾಗುತ್ತಿವೆ. ಮೊದಲ ದಿನ ಅವಳು ಶಿಕ್ಕಾ ಒತ್ತಲು ಒಪ್ಪಲಿಲ್ಲ. ಮಾಲು ತಡವಾದರೆ ಇಡೀ ಸಾಲಿನವರು ಮನೆಯಲ್ಲಿ ಕೂರಬೇಕಾಗುತ್ತದೆ, ಅದು ನಿನ್ನ ಜವಾಬ್ದಾರಿ ಎಂದ ಪರಾಗ. ಅವಳು ಒತ್ತಿದಳು. ಆಮೇಲೆ ದಿನಾಲೂ ಒತ್ತಿದಳು. ಮನೆಯಲ್ಲಿ ಮಗಳ ಮೈ ಒರೆಸುವಾಗಲೆಲ್ಲ ಅದೇ ನೆನಪಾಗಿ ಬಟ್ಟೆಯನ್ನು ಮೊದಲು ತಡವಿ ನೋಡುತ್ತೇನೆ ಎಂದಳು.

ಕಲ್ಯಾಣಪ್ಪನಿಗೆ ಪರಾಗನ ಮೇಲೆ ಸಿಟ್ಟು ನೆತ್ತಿಗೇರಿತು. ಅದರ ಬೆನ್ನಿಗೇ ಒಂದು ಧೈರ್ಯವೂ ಬಂತು: ಇಂಥದ್ದಕ್ಕೇ ಅಲ್ಲವೇ ಆ ಪುಸ್ತಿಕೆ ಇರುವುದು? ಅವಳ ಪರವಾಗಿ ತಾನೇ ಮರಾಠಿಯಲ್ಲಿ ದೂರು ಬರೆದ. ಅವಳ ಹೆಸರು ಹಾಕಲಿಲ್ಲ, ತನ್ನದೂ ಹಾಕಲಿಲ್ಲ. ಪೆಟ್ಟಿಗೆಯಲ್ಲಿ ಹಾಕಿ ಬಂದು, ಇನ್ನು ನಿಶ್ಚಿಂತೆಯಾಗಿ ಇರಲು ಅವಳಿಗೆ ಹೇಳಿದ.

ಮೂರನೆಯ ದಿನ ಸಂಜೆ ಮನೆಗೆ ಹೋಗುವಾಗ ಶಿವಾನಂದ ವಳಸಂಗದ ಹತ್ತಿರ ಗಾಡಿ ನಿಲ್ಲಿಸಿದ. ಚಹಾ ಹೇಳಿದ. ಒಂದು ಗುಟುಕು ಕುಡಿದು, ಪೆಟ್ಟಿಗೆಯಲ್ಲಿನ ಆ ಕಾಗದ ಬರೆದವನು ನೀನೇ ಎಂದ. ಮರಾಠಿಯ ‘ಳ’ವನ್ನು ನೀನು ಶಾಲೆಯಲ್ಲಿದ್ದಾಗಿನಿಂದಲೂ ಕನ್ನಡದ ಹಾಗೆಯೇ ಬರೆಯುತ್ತೀ ಎಂದು ನಕ್ಕ. ಕಲ್ಯಾಣಪ್ಪನೂ ನಕ್ಕ. ಆಮೇಲೆ ಶಿವಾನಂದ, ಹೇಳಿದವರು ಯಾರು ಎಂದು ಕೇಳಿದ. ಹೆಸರು ಹೇಳುವಂತಿಲ್ಲ ಎಂದ ಕಲ್ಯಾಣಪ್ಪ.

“ನನಗ ಹೇಳಿದ್ರ ಬ್ಯಾರೆಯವರಿಗೆ ಹೇಳಿದಂಗ ಏನೋ?” ಎಂದ ಶಿವಾನಂದ. “ಪರಾಗ ಸಾಹೇಬ ಆ ಸಾಲಿನ್ಯಾಗ ಎಲ್ಲಾರ ಮ್ಯಾಲೂ ಕಣ್ಣಿಟ್ಟಾನ. ಯಾರಂತ ಗೊತ್ತಿದ್ರ ನಾ ಅಡ್ಡ ನಿಂದರಾಕ ಬರತೈತಿ. ಇಲ್ಲಂದ್ರ ಕತ್ತಲದಾಗ ಯಾರನ್ನಂತ ಉಳಸಲಿ?”

ಮಾಸ್ತರ ಮಗ ಕೇಳುತ್ತಿದ್ದ. ಹದಿನಾಲ್ಕು ವರ್ಷ ತಾನು ಅವನ ಬೆನ್ನ ಹಿಂದೆ ಕೂತು ಬಂದವನು. ಕಲ್ಯಾಣಪ್ಪ ಹೆಸರು ಹೇಳಿದ.

ಆ ವಾರವೇ ಶೀತಲಳ ಕೈಗೆ ಚೌಕಶಿಯ, ಎಂದರೆ ವಿಚಾರಣೆಯ, ನೋಟೀಸು ಬಂತು. ತಪಾಸಣೆ ಆಗದ ಮಾಲಿಗೆ ಶಿಕ್ಕಾ ಒತ್ತಿದ್ದಾಳೆ, ರಿಜಿಸ್ಟರಿನಲ್ಲಿ ಸುಳ್ಳು ಸಹಿ ಮಾಡಿದ್ದಾಳೆ. ನಡವಳಿಕೆಯ ನಿಯಮದ ಪ್ರಕಾರ ಇದು ಗಂಭೀರ ಅಪರಾಧ ಎಂದಿತ್ತು. ಪರಾಗನ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ಇದು ಪರಾಗನ ಕಿತಾಪತಿ, ಶಿವಾನಂದನಿಗೆ ಗೊತ್ತೇ ಇರಲಿಕ್ಕಿಲ್ಲ ಎಂದು ಕಲ್ಯಾಣಪ್ಪ ಅವನ ಕೋಣೆಗೆ ಓಡಿದ. ನೋಟೀಸಿನ ಕೆಳಗಿದ್ದ ಸಹಿ ಶಿವಾನಂದನದೇ ಎಂಬುದು ಅವನಿಗೆ ಅಲ್ಲಿ ತಿಳಿಯಿತು. ಚೌಕಶಿ ನಡೆಯಲಿ, ಎಲ್ಲ ನಿಯಮದಂತೆ ಆಗುತ್ತದೆ ಎಂದ ಶಿವಾನಂದ, ತಲೆ ಎತ್ತದೆ.

ಚೌಕಶಿ ನಡೆಸಲು ಹೊರಗಿನಿಂದ ಮಂಜರಿ ಎಂಬ ವಕೀಲರು ಬಂದಿದ್ದರು. ಶೀತಲ ಕುರ್ಚಿಯ ತುದಿಗೆ ಕೂತಿದ್ದಳು. ಶಿವಾನಂದ ಒಂದು ಹಾಳೆ ಮುಂದಿಟ್ಟ: ಕಲ್ಯಾಣಪ್ಪ ನಿಯಮ ಓದಿ ಹೇಳಿದ ದಿನ ಎಲ್ಲರೂ ಸಹಿ ಮಾಡಿದ ಹಾಳೆ. ಇವಳಿಗೆ ಇವಳ ಮನೆಮಾತಿನಲ್ಲೇ ನಿಯಮ ತಿಳಿಸಿದ್ದೇವೆ, ಗೊತ್ತಿರಲಿಲ್ಲ ಎನ್ನುವಂತಿಲ್ಲ ಎಂದ. ಕಲ್ಯಾಣಪ್ಪನನ್ನು ಕರೆಸಿದ್ದೂ ಅದಕ್ಕೇ. ನಿಯಮ ತಿಳಿಸಿದ್ದು ನಿಜವೇ ಎಂದು ಮಂಜರಿ ಕೇಳಿದರು.

ನಿಜ ಎಂದ ಕಲ್ಯಾಣಪ್ಪ. ಎರಡು ಭಾನುವಾರ ಕೂತು ಬರೆದ ಅಕ್ಷರಗಳೇ ಆ ಹುಡುಗಿಯ ಕುತ್ತಿಗೆಗೆ ಹಗ್ಗವಾದದ್ದು ಅವನ ಕಣ್ಣಮುಂದೆಯೇ ಇತ್ತು. ಅವನು ಸುಮ್ಮನಾಗಲಿಲ್ಲ. ಶಿಕ್ಕಾ ಒತ್ತಿಸಿದವನು ಮ್ಯಾನೇಜರ್, ದೂರು ಕೊಟ್ಟವಳು ಇವಳೇ, ಹೆಸರು ಗುಟ್ಟಾಗಿರುತ್ತದೆ ಎಂದೂ ನಾನೇ ಇವಳಿಗೆ ಹೇಳಿದ್ದೆ ಎಂದು ಮರಾಠಿಯಲ್ಲಿ ಬಿಡಿಸಿ ಹೇಳಿದ. ಆ ಹೆಸರನ್ನು ಈ ಶಿವಾನಂದನಿಗೆ ಹೇಳಿದವನೂ ನಾನೇ ಎಂದ.

ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಶೀತಲ ಆಗ ತಲೆ ಎತ್ತಿ ಅವನನ್ನು ನೋಡಿದಳು. ತನ್ನ ಹೆಸರು ಹೊರಬಿದ್ದದ್ದು ಹೇಗೆಂದು ಅವಳಿಗೆ ಗೊತ್ತಾದದ್ದು ಅದೇ ಗಳಿಗೆಯಲ್ಲಿ. ಅದು ಈ ಚೌಕಶಿಯ ವಿಷಯವಲ್ಲ ಎಂದ ಶಿವಾನಂದ. ಮಂಜರಿ ಪೆನ್ನು ಕೆಳಗಿಟ್ಟರು. ನಾನು ಹೇಳಿದ್ದನ್ನೂ ಬರೆದುಕೊಂಡರೆ ಮಾತ್ರ ಹೇಳಿಕೆಗೆ ಸಹಿ ಮಾಡುತ್ತೇನೆ ಎಂದು ಕಲ್ಯಾಣಪ್ಪ ಹಟ ಹಿಡಿದ. ಅವನ ಸಹಿ ಬೇಕಾಗಲೇ ಇಲ್ಲ. ಆ ಹಾಳೆಯೇ ಸಾಕಾಯಿತು. ಶೀತಲಳನ್ನು ಕೆಲಸದಿಂದ ತೆಗೆದರು.

ಆ ದಿನದಿಂದ ಕಲ್ಯಾಣಪ್ಪ ಸರಕಾರಿ ಎಸ್ಟಿ ಬಸ್ಸು ಹಿಡಿದ. ಭಾನುವಾರ ಅಕ್ಕಲಕೋಟೆಯಲ್ಲಿ ಶಿವಾನಂದನ ಮನೆಗೆ ಹೋದ. ಬೈಯಬೇಕೆಂದು ಹೋದದ್ದು, ಕೂತ ಮೇಲೆ ಒಂದೇ ಮಾತು ಬಂತು.

“ಯಾಕ ಹಿಂಗ ಮಾಡಿದಿ, ಶಿವು?”

ಶಿವಾನಂದ ಟೀವಿಯ ದನಿ ತಗ್ಗಿಸಿದ. “ಮ್ಯಾಲಿನವರು ಕೇಳಿದ್ರು, ಹೇಳಿದ್ನಿ. ನಂದೂ ನೌಕರಿ ಐತಿ. ಯಾರರೆ ಒಬ್ಬರ ಹೆಸರು ಕಾಗದದಾಗ ಬರೂದಿತ್ತು, ಕಲ್ಯಾಣಿ. ನಿಂದು ಬರದಂಗ ನೋಡಕೊಂಡೀನಿ, ತಿಳಕೋ.”

“ನನ್ನ ಉಳಸಂತ ನಾ ಕೇಳಿದ್ನೇನು?”

ಶಿವಾನಂದನ ಹೆಂಡತಿ ತಂದಿಟ್ಟ ಚಹಾ ಹಾಗೆಯೇ ಆರಿತು. ಮೋಸ ಮಾಡಿದವನು ತಾನು ಉಪಕಾರ ಮಾಡಿದ್ದೇನೆ ಎಂದುಕೊಂಡಿದ್ದಾನೆ. ಅದನ್ನು ಹೊತ್ತು ಮೆಟ್ಟಿಲಿಳಿಯುವುದು ಕಲ್ಯಾಣಪ್ಪನಿಗೆ ಬೈಗಳಿಗಿಂತ ಭಾರವಾಯಿತು.

ಪುಸ್ತಿಕೆಯ ಹಿಂದಿನ ರಟ್ಟಿನ ಮೇಲೆ ಗಿರಾಕಿ ಕಂಪನಿಯದೇ ಒಂದು ಫೋನ್ ನಂಬರು ಇತ್ತು. ಸೋನಾಬಾಯಿಗೆ ಹೆದರಿಕೆ. ನಿವೃತ್ತಿಗೆ ಇನ್ನೂ ಐದು ವರ್ಷ ಇದೆ, ಯೋಚನೆ ಮಾಡಿ ಎಂದಳು. ಮಾಡಿದೆ ಎಂದು ಅವನು ಫೋನು ಹಚ್ಚಿದ. ಆ ಕಡೆಯವರು ಹಿಂದಿಯಲ್ಲಿ ಎಲ್ಲ ಕೇಳಿಕೊಂಡು, ಹೆಸರು ಹೇಳಲೇಬೇಕೆಂದಿಲ್ಲ ಎಂದರು. ಬೇಡ, ಬರೆದುಕೊಳ್ಳಿ ಎಂದು ಅವನು ತನ್ನ ಪೂರ್ತಿ ಹೆಸರು, ವಿಭಾಗ, ಊರು ಎಲ್ಲ ಹೇಳಿದ.

ದೀಪಾವಳಿಗೆ ಮುಂಚೆ ಗಿರಾಕಿ ಕಂಪನಿಯಿಂದ ಇಬ್ಬರು ತಪಾಸಣೆಗೆ ಬಂದರು. ಮುಂಬೈಯ ಗೋದಾಮಿನಲ್ಲಿ ಇನ್ನೂ ಹಡಗು ಹತ್ತದೆ ಇದ್ದ ಪೆಟ್ಟಿಗೆಗಳನ್ನು ಒಡೆಸಿದರು. ಒಂದು ಟವೆಲ್ಲಿನ ಕುಲಾವಿಯ ಅಂಚಿನಲ್ಲಿ ಸೂಜಿಯ ತುದಿ ಸಿಕ್ಕಿತು. ಕಾರ್ಖಾನೆಗೆ ಹೊಸ ಯಂತ್ರ ಬಂತು. ಪರಾಗನನ್ನು ಅದೇ ಮಾಲೀಕರ ಇನ್ನೊಂದು ಕಾರ್ಖಾನೆಗೆ ಕಳಿಸಿದರು. ಶೀತಲಳನ್ನು ತೆಗೆದ ಆದೇಶ ಹಿಂದಕ್ಕೆ ಪಡೆದು, ಕೆಲಸಕ್ಕೆ ಬಾ ಎಂದು ಪತ್ರ ಹಾಕಿದರು. ಶಿವಾನಂದ ಮಾತ್ರ ಅದೇ ಕೋಣೆಯಲ್ಲಿ ಉಳಿದ. ಆ ಪತ್ರಕ್ಕೆ ಸಹಿ ಹಾಕಿದವನೂ ಅವನೇ. ಕಲ್ಯಾಣಪ್ಪನನ್ನು ಯಾರೂ ಏನೂ ಅನ್ನಲಿಲ್ಲ. ಹೊಲಿಗೆ ವಿಭಾಗದಿಂದ ತೆಗೆದು, ಹಳೆಯ ಬಿಡಿಭಾಗಗಳ ಸ್ಟೋರಿನಲ್ಲಿ ಕೂರಿಸಿದರು. ಅಲ್ಲಿಗೆ ದಿನಕ್ಕೆ ಇಬ್ಬರೋ ಮೂವರೋ ಬರುತ್ತಾರೆ.

ಹದಿನೈದು ದಿನವಾದರೂ ಶೀತಲ ಬರಲಿಲ್ಲ. ಕಲ್ಯಾಣಪ್ಪ ಒಂದು ರಜೆಯ ದಿನ ಕಂದಲಗಾಂವಕ್ಕೆ ಹೋದ. ಮನೆಯ ಪಡಸಾಲೆಯಲ್ಲಿ ಅವಳು ಊರವರ ರವಿಕೆ ಹೊಲಿಯುತ್ತಿದ್ದಳು. ಅತ್ತೆ ನೀರು ಕೊಟ್ಟು, ಕೂರ್ರಿ ಎಂದು ಒಳಗೆ ಹೋದಳು. ಪತ್ರ ಬಂತೇ ಎಂದು ಅವನು ಕೇಳಿದ.

“ಬಂದೈತ್ರಿ. ನಾ ಬರಂಗಿಲ್ಲ.”

ಪರಾಗ ಹೋದ, ಹೊಸ ಯಂತ್ರ ಬಂದಿದೆ, ಇನ್ನು ಯಾರೂ ನಿನ್ನ ತಂಟೆಗೆ ಬರುವುದಿಲ್ಲ ಎಂದೆಲ್ಲ ಅವನು ಹೇಳಿದ. ಅವಳು ಕೊನೆಯವರೆಗೂ ಕೇಳಿದಳು.

“ನೀವು ಕೆಟ್ಟವರಲ್ಲಂತ ನನಗ ಗೊತ್ತೈತ್ರಿ ಕಾಕಾ,” ಎಂದಳು. “ನೀವು ನಿಮ್ಮ ದೋಸ್ತನ್ನ ನಂಬಿದ್ರಿ. ನಾ ನಿಮ್ಮನ್ನ ನಂಬಿದ್ದೆ. ಈಗ ಮತ್ತ ಅಲ್ಲಿ ಬಂದು ಯಾರ ಮಾತು ಖರೇ ಅನ್ನಲಿ?”

ತಪ್ಪಾಯಿತು ಎಂದ ಕಲ್ಯಾಣಪ್ಪ. ಅವಳು ತಲೆಯಾಡಿಸಿದಳು. ಹೌದು ಎಂದೋ, ಇರಲಿ ಬಿಡಿ ಎಂದೋ ಅವನಿಗೆ ತಿಳಿಯಲಿಲ್ಲ. ಆಮೇಲೆ, ಬಸ್ಸಿನ ಹೊತ್ತಾಗಿದೆ, ಇದು ತಪ್ಪಿದರೆ ಸಂಜೆಯವರೆಗೆ ಇನ್ನೊಂದಿಲ್ಲ ಎಂದು ಅವಳೇ ನೆನಪು ಮಾಡಿದಳು.

ಮನೆಗೆ ಬಂದಾಗ, ಆ ಹುಡುಗಿ ಸಿಟ್ಟು ಮಾಡಿದಳೇ ಎಂದು ಸೋನಾಬಾಯಿ ಕೇಳಿದಳು.

“ಇಲ್ಲ,” ಎಂದ ಕಲ್ಯಾಣಪ್ಪ. “ಮಾಡಿದ್ರ ಚಲೋ ಇತ್ತು.”